ಹಳೆಯ ಮೊಲದ ಗೂಡು: ಮರ ಕುಡಿದದ್ದನ್ನು ಹೊರತೆಗೆಯುವ ಬಗೆ

ಯಾರೋ ಬಳಸಿ ಬಿಟ್ಟ ಮರದ ಗೂಡನ್ನು ಮೊಲಕ್ಕೋ ಗಿನಿಪಿಗ್‌ಗೋ ಎಂದು ಮನೆಗೆ ತಂದವರು ಸಾಮಾನ್ಯವಾಗಿ ಮಾಡುವುದು ಇಷ್ಟು: ಅಂಗಳದಲ್ಲಿ ನಿಲ್ಲಿಸಿ ಪೈಪಿನಿಂದ ನೀರು ಹಾಯಿಸುತ್ತಾರೆ, ನೆಲ ಒರೆಸುವ ಫಿನಾಯಿಲನ್ನೇ ಬಕೆಟ್ಟಿಗೆ ಸುರಿದುಕೊಂಡು ಉಜ್ಜುತ್ತಾರೆ, ಸಂಜೆಯ ಹೊತ್ತಿಗೆ ಪ್ರಾಣಿಯನ್ನು ಒಳಗೆ ಬಿಡುತ್ತಾರೆ. ಗೂಡು ಕಣ್ಣಿಗೂ ಮೂಗಿಗೂ ಸ್ವಚ್ಛವೆನಿಸುತ್ತದೆ. ಆದರೆ ಮರದ ವಿಷಯದಲ್ಲಿ ಕಣ್ಣು, ಮೂಗು ಎರಡೂ ಬೇಗ ಮೋಸಹೋಗುತ್ತವೆ. ಸ್ಟೀಲಿನ ತಟ್ಟೆಯ ಮೇಲೆ ಬಿದ್ದ ಕೊಳೆ ಮೇಲೆಯೇ ಇರುತ್ತದೆ; ಮರದ ಮೇಲೆ ಬಿದ್ದದ್ದು ಒಳಗೆ ಇಳಿಯುತ್ತದೆ. ಹಲಗೆಯ ತುದಿಯನ್ನು ಗಮನವಿಟ್ಟು ನೋಡಿದರೆ ಕಾಣುವ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳು, ಆ ಮರ ಬದುಕಿದ್ದಾಗ ಬೇರಿನಿಂದ ಎಲೆಗೆ ನೀರು ಒಯ್ಯುತ್ತಿದ್ದ ಕೊಳವೆಗಳ ಬಾಯಿಗಳು. ಮರ ಒಣಗಿ ಹಲಗೆಯಾದ ಮೇಲೂ ಆ ಕೊಳವೆಗಳು ತೇವವನ್ನು ಹೀರುವುದನ್ನು ಬಿಡುವುದಿಲ್ಲ. ಮೊಲದ ಮೂತ್ರ, ಅದರೊಡನೆ ಬಂದ ರೋಗಾಣು, ನಾವು ಸುರಿದ ಫಿನಾಯಿಲು ಎಲ್ಲವನ್ನೂ ಮರ ಕುಡಿಯುತ್ತದೆ. ಆದ್ದರಿಂದ ಹಳೆಯ ಗೂಡನ್ನು ಸೋಂಕುಮುಕ್ತಗೊಳಿಸುವುದೆಂದರೆ, ಮರ ಏನನ್ನು ಕುಡಿದಿದೆ ಎಂದು ತಿಳಿದುಕೊಂಡು, ಅದರಲ್ಲಿ ಎಷ್ಟನ್ನು ಹೊರತೆಗೆಯಬಹುದು, ಎಷ್ಟನ್ನು ಒಳಗೇ ಸಾಯುವಂತೆ ಮಾಡಬಹುದು ಎಂದು ಯೋಚಿಸಿ ನಡೆಯುವ ಕೆಲಸ.

ಈ ಕೆಲಸ ಬ್ರಷ್ಷಿನಿಂದ ಶುರುವಾಗುವುದಿಲ್ಲ, ಗೂಡು ಕೊಡುವವರನ್ನು ಕೇಳುವ ಪ್ರಶ್ನೆಗಳಿಂದ ಶುರುವಾಗುತ್ತದೆ. ಇದರಲ್ಲಿ ಯಾವ ಪ್ರಾಣಿ ಇತ್ತು? ಅದಕ್ಕೆ ಏನಾಯಿತು? ಗೂಡು ಎಷ್ಟು ದಿನದಿಂದ ಖಾಲಿ ಇದೆ? ಎಲ್ಲಿ ಇಟ್ಟಿದ್ದರು? ಕೇಳಲು ಸಂಕೋಚವಾಗಬಹುದು, ಆದರೆ ಉತ್ತರ ಏನೆಂಬುದರ ಮೇಲೆ ಮುಂದಿನ ಎಲ್ಲವೂ ನಿಂತಿದೆ. ಒಂದರ ಹಿಂದೆ ಒಂದರಂತೆ ನಾಲ್ಕು ಮೊಲಗಳು ಕಾರಣ ತಿಳಿಯದೆ ಸತ್ತ ಮರದ ಗೂಡನ್ನು ಪುಕ್ಕಟೆ ಕೊಟ್ಟರೂ ತರಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ. 1984ರಲ್ಲಿ ಚೀನಾದಲ್ಲಿ ಮೊದಲು ಕಾಣಿಸಿಕೊಂಡ ಮೊಲಗಳ ರಕ್ತಸ್ರಾವ ರೋಗ, 2010ರಲ್ಲಿ ಫ್ರಾನ್ಸಿನಲ್ಲಿ ಗುರುತಿಸಲಾದ ಅದರ ಎರಡನೆಯ ಬಗೆ, ಇವುಗಳ ವೈರಸ್ಸಿಗೆ ಕೊಬ್ಬಿನ ಹೊರಪೊರೆ ಇಲ್ಲ. ಕೊಬ್ಬಿನ ಪೊರೆಯುಳ್ಳ ವೈರಸ್ಸುಗಳನ್ನು ಸೋಪಿನ ನೀರೇ ಒಡೆದುಹಾಕುತ್ತದೆ. ಇದು ಅದಕ್ಕೆ ಜಗ್ಗುವುದಿಲ್ಲ, ಪ್ರಾಣಿಯ ದೇಹದ ಹೊರಗೆ ತಿಂಗಳುಗಟ್ಟಲೆ ಉಳಿಯಬಲ್ಲದು. ಅಂಥ ಅನುಮಾನವಿರುವಾಗ ತಂತಿಯ ಪಂಜರವನ್ನಾದರೆ ಶುದ್ಧಮಾಡಬಹುದು, ಮರವನ್ನು ಸುಡುವುದೇ ಸರಿ.

ಇದ್ದ ಪ್ರಾಣಿ ಯಾವುದು ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯ. ಕೋಳಿ ಸಾಕುವವರು ರಕ್ತಭೇದಿ ಎಂದು ಕರೆಯುವ ಕಾಕ್ಸಿಡಿಯೋಸಿಸ್ ರೋಗವನ್ನು ತರುವ ಐಮೇರಿಯ ಪರಾವಲಂಬಿಗಳು ಒಂದೊಂದು ಪ್ರಾಣಿಗೆ ಒಂದೊಂದು ಬಗೆಯವು. ಕೋಳಿಯದು ಮೊಲಕ್ಕೆ ಬರುವುದಿಲ್ಲ, ಮೊಲದ್ದು ಗಿನಿಪಿಗ್‌ಗೆ ಬರುವುದಿಲ್ಲ. ಆದರೆ ಮೊಲದ ಗೂಡಿಗೆ ಮತ್ತೆ ಮೊಲವನ್ನೇ ತರುವುದಾದರೆ ಮೊದಲ ಹಗೆ ಇದೇ. ಇದಕ್ಕೆ ವ್ಯತಿರಿಕ್ತವಾಗಿ, ಬಾರ್ಡಟೆಲ್ಲ ಎಂಬ ಬ್ಯಾಕ್ಟೀರಿಯವನ್ನು ಆರೋಗ್ಯವಂತ ಮೊಲ ತನ್ನ ಮೂಗಿನಲ್ಲಿ ಸುಮ್ಮನೆ ಹೊತ್ತು ತಿರುಗಬಲ್ಲದು. ಗಿನಿಪಿಗ್‌ಗೆ ಅದೇ ಮಾರಕ ನ್ಯುಮೋನಿಯ ತರುತ್ತದೆ. ಗೂಡಿನಲ್ಲಿ ಹಿಂದೆ ಕೋಳಿಗಳಿದ್ದರೆ ಸಂದುಗಳಲ್ಲಿ ಕೆಂಪು ನುಸಿ ಅಡಗಿರಬಹುದು. ಅದು ಹಗಲೆಲ್ಲ ಬಿರುಕಿನಲ್ಲಿದ್ದು ರಾತ್ರಿ ರಕ್ತ ಹೀರಲು ಹೊರಬರುತ್ತದೆ, ಆಹಾರವಿಲ್ಲದೆ ಹಲವು ತಿಂಗಳು ಬದುಕುತ್ತದೆ. ಇನ್ನು ಹುಳುಕಡ್ಡಿ ತರುವ ಶಿಲೀಂಧ್ರ ಮೊಲ, ಗಿನಿಪಿಗ್, ಮನುಷ್ಯ ಎಂಬ ಭೇದವನ್ನೇ ಮಾಡುವುದಿಲ್ಲ, ಗೂಡು ತೊಳೆಯುವವರ ಮೊಣಕೈಗೂ ಅಂಟುತ್ತದೆ. ಗೂಡನ್ನು ಸೌದೆಕೊಟ್ಟಿಗೆಯಲ್ಲೋ ಗೋದಾಮಿನಲ್ಲೋ ಇಟ್ಟಿದ್ದರೆ ಇಲಿಗಳು ಅದರ ಮೇಲೆ ಓಡಾಡಿರುತ್ತವೆ. ಇಲಿಜ್ವರದ ಬ್ಯಾಕ್ಟೀರಿಯ ಒಣಗಿದರೆ ಬೇಗ ಸಾಯುತ್ತದೆ, ಆದರೆ ತೇವ ಆರದ ಗೂಡಿನಲ್ಲಿ ಅದನ್ನು ಲಘುವಾಗಿ ಕಾಣುವಂತಿಲ್ಲ.

ತರುವ ಮುನ್ನ ಮರವನ್ನೂ ಪರೀಕ್ಷಿಸಬೇಕು. ಗೂಡಿನ ನೆಲದ ಮೂಲೆಗೆ, ಅಂದರೆ ಪ್ರಾಣಿ ಮೂತ್ರಕ್ಕೆ ಕೂರುತ್ತಿದ್ದ ಜಾಗಕ್ಕೆ, ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿ ನೋಡಬೇಕು. ಗಟ್ಟಿ ಮರದಲ್ಲಿ ಚುಕ್ಕೆಯಷ್ಟು ಗುರುತು ಬೀಳುತ್ತದೆ. ಕೊಳೆತ ಮರದಲ್ಲಿ ತುದಿ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ. ಆ ಹಲಗೆಯನ್ನು ತೊಳೆಯುವುದರಲ್ಲಿ ಅರ್ಥವಿಲ್ಲ, ಬದಲಿಸಬೇಕು. ನೆಲ ಪ್ಲೈವುಡ್ಡಿನದ್ದಾಗಿ ಅಂಚಿನಲ್ಲಿ ಪದರಗಳು ಬಿಟ್ಟುಕೊಂಡಿದ್ದರೆ ಅದನ್ನೂ ಎತ್ತಿಹಾಕಬೇಕು, ಏಕೆಂದರೆ ಪದರಗಳ ನಡುವೆ ಇಳಿದ ಮೂತ್ರವನ್ನು ಯಾವ ಬ್ರಷ್ಷೂ ಮುಟ್ಟಲಾರದು.

ನಮ್ಮ ಊರುಗಳಲ್ಲಿ ಸಿಗುವ ಇಂಥ ಗೂಡುಗಳಲ್ಲಿ ಅನೇಕವು ಯಂತ್ರಗಳನ್ನು ಕಟ್ಟಿ ತಂದ ಪ್ಯಾಕಿಂಗ್ ಮರದವು. ಹೊರದೇಶದಿಂದ ಬಂದ ಅಂಥ ಹಲಗೆಯ ಮೇಲೆ ತೆನೆಯ ಚಿತ್ರವಿರುವ ಒಂದು ಮುದ್ರೆ ಇರುತ್ತದೆ. ಅದರಲ್ಲಿ ‘ಎಚ್‌ಟಿ’ ಎಂಬ ಅಕ್ಷರಗಳಿದ್ದರೆ ಮರವನ್ನು ಶಾಖದಿಂದ ಸಂಸ್ಕರಿಸಿದ್ದಾರೆಂದು ಅರ್ಥ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದಾರೆಂದು ಅರ್ಥ. ಮರ ಕಡಿಯುವ ಪ್ರಾಣಿಯ ಗೂಡಿಗೆ ಎರಡನೆಯದು ಬೇಡ. ಗೆದ್ದಲಿಗೆಂದು ಕ್ಲೋರ್‌ಪೈರಿಫಾಸ್ ಹೊಡೆದಿದ್ದಾರೆಯೇ ಎಂಬುದನ್ನೂ ಕೇಳಬೇಕು. ಹೊಡೆದಿದ್ದರೆ ಆ ಗೂಡನ್ನು ಕೈಬಿಡುವುದೇ ಲೇಸು. ಬಣ್ಣ ಬಳಿದಿದ್ದರೆ ಇನ್ನೂ ಒಂದು ಯೋಚನೆ ಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಭಾರತದಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಾಗಿಲು, ಕಿಟಕಿಗಳ ಮರದಿಂದ ಮಾಡಿದ ಬಣ್ಣದ ಗೂಡನ್ನು ನಂಬುವಂತಿಲ್ಲ. ಮೊಲದ ಮುಂಬಲ್ಲು ಜೀವನವಿಡೀ ಬೆಳೆಯುತ್ತಲೇ ಇರುವುದರಿಂದ ಅದು ಗೂಡಿನ ಅಂಚನ್ನು ಕಡಿಯದೆ ಇರಲಾರದು. ಕಡಿದ ಚೂರುಗಳಲ್ಲಿ ಕೆಲವಾದರೂ ಹೊಟ್ಟೆಗೆ ಹೋಗುತ್ತವೆ. ಹಾಗೆಂದು ಅಂಥ ಬಣ್ಣವನ್ನು ಒಣಗಿದ್ದಾಗ ಉಜ್ಜಿ ತೆಗೆಯಲು ಹೋಗಲೂಬಾರದು. ಆ ಧೂಳು ಮನೆಯ ಮಕ್ಕಳಿಗೆ ಇನ್ನೂ ಅಪಾಯ.

ಗೂಡು ಈ ಪರೀಕ್ಷೆಗಳನ್ನು ದಾಟಿತೆಂದುಕೊಳ್ಳೋಣ. ನಮ್ಮ ಮನೆಗೆ ಬಂದದ್ದು ಸಿಲ್ವರ್ ಓಕ್ ಮರದ ಎರಡು ಅಂತಸ್ತಿನ ಗೂಡು. ಎರಡು ಮೊಲಗಳು ಐದು ವರ್ಷ ಅದರಲ್ಲಿ ಬಾಳಿದ್ದವು, ಎರಡೂ ವಯಸ್ಸಾಗಿ ಸತ್ತಿದ್ದವು ಎಂದು ಕೊಟ್ಟವರು ಹೇಳಿದ್ದರು. ಮೊದಲು ಅದನ್ನು ಬಿಚ್ಚಿದೆ. ಬಿಚ್ಚದೆ ತೊಳೆಯುವುದು ಅರ್ಧ ಕೆಲಸ, ಏಕೆಂದರೆ ಮರ ಅತಿ ಹೆಚ್ಚು ಹೀರುವುದು ಹಲಗೆಯ ಅಗಲವಾದ ಮೈಯಿಂದಲ್ಲ, ಕೊಳವೆಗಳ ಬಾಯಿ ತೆರೆದಿರುವ ತುದಿಯಿಂದ. ಆ ತುದಿಗಳೆಲ್ಲ ಜೋಡಣೆಯ ಒಳಗೆ ಮುಚ್ಚಿಹೋಗಿರುತ್ತವೆ. ಸ್ಕ್ರೂ ತೆಗೆದು ನೆಲದ ಹಲಗೆಯನ್ನು ಎತ್ತಿದಾಗ, ಹೊರಗಿನಿಂದ ಚೊಕ್ಕಟವಾಗಿ ಕಾಣುತ್ತಿದ್ದ ಅದೇ ಗೂಡಿನ ಸಂದಿನಲ್ಲಿ ಕೂದಲು, ಹುಲ್ಲಿನ ಪುಡಿ, ಒಣ ಹಿಕ್ಕೆಗಳು ಸೇರಿ ಕಂಬಳಿಯಂತೆ ಹೆಣೆದುಕೊಂಡಿದ್ದವು. ಇದನ್ನು ಒಣಗಿದ್ದಾಗ ಗುಡಿಸಬಾರದು. ಶಿಲೀಂಧ್ರದ ಬೀಜಾಣುಗಳು ಧೂಳಿನೊಡನೆ ಎದ್ದು ಮೂಗಿಗೂ ಬಟ್ಟೆಗೂ ಸೇರುತ್ತವೆ. ಸೋಪಿನ ನೀರನ್ನು ಸಿಂಪಡಿಸಿ, ಹತ್ತು ನಿಮಿಷ ನೆನೆಯಲು ಬಿಟ್ಟು, ಕೈಗವಸು, ಮುಖಗವಸು ಹಾಕಿಕೊಂಡು ಕೆರೆದು, ಚೀಲಕ್ಕೆ ತುಂಬಿ ಬಾಯಿ ಕಟ್ಟಬೇಕು.

ಕೆರೆದ ಮೇಲೆ ಸೋಪಿನ ನೀರಿನಿಂದ ತೊಳೆಯುವುದು. ಇದನ್ನು ಸೋಂಕುನಿವಾರಣೆಯ ಮುನ್ನುಡಿ ಎಂದು ಭಾವಿಸುವವರೇ ಹೆಚ್ಚು, ಆದರೆ ಇಡೀ ಕೆಲಸದ ಬಹುಭಾಗ ಇದೇ. ಬ್ಲೀಚಿನಲ್ಲಿರುವ ಕ್ಲೋರಿನ್ ರೋಗಾಣು ಯಾವುದು, ಹಿಕ್ಕೆ ಯಾವುದು ಎಂದು ಆರಿಸುವುದಿಲ್ಲ. ಸಿಕ್ಕಿದ ಸಾವಯವ ವಸ್ತುವಿನ ಮೇಲೆಲ್ಲ ತನ್ನ ಶಕ್ತಿಯನ್ನು ವ್ಯಯಿಸುತ್ತದೆ. ಕೊಳೆಯ ಮೇಲೆ ಸುರಿದ ಬ್ಲೀಚು ಕೊಳೆಯೊಡನೆಯೇ ಹೋರಾಡಿ ಮುಗಿದುಹೋಗುತ್ತದೆ, ಅದರ ಅಡಿಯಲ್ಲಿರುವ ಬ್ಯಾಕ್ಟೀರಿಯ ಹಾಗೆಯೇ ಉಳಿಯುತ್ತದೆ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಗಟ್ಟಿ ಬ್ರಷ್ಷು ಸಾಕು. ಪೈಪಿನ ಜೋರು ನೀರು ಬೇಡ, ಅದು ಕೊಳೆಯನ್ನು ತೆಗೆಯುವುದಕ್ಕಿಂತ ಒಳಕ್ಕೆ ನೂಕುವುದೇ ಹೆಚ್ಚು. ಮರದ ಎಳೆಯ ದಿಕ್ಕಿನಲ್ಲಿ ಉಜ್ಜಿ, ಕೊಳೆನೀರನ್ನು ಬಟ್ಟೆಯಿಂದ ಒತ್ತಿ ತೆಗೆದು, ನೀರು ಬದಲಿಸಿ ಮತ್ತೆ ಉಜ್ಜಬೇಕು.

ಎಷ್ಟು ಉಜ್ಜಿದರೂ ಹೋಗದ ಒಂದು ವಸ್ತು ಮೂತ್ರದ ಮೂಲೆಯಲ್ಲಿ ಉಳಿದಿರುತ್ತದೆ: ಗಾರೆಯಂತೆ ಗಟ್ಟಿಯಾದ, ಮಾಸಲು ಬಿಳಿ ಬಣ್ಣದ ಪೊರೆ. ಬೇರೆ ಅನೇಕ ಪ್ರಾಣಿಗಳಂತಲ್ಲದೆ ಮೊಲ ತಾನು ತಿಂದ ಆಹಾರದ ಹೆಚ್ಚುವರಿ ಸುಣ್ಣದ ಅಂಶವನ್ನು ಮೂತ್ರದಲ್ಲೇ ಹೊರಹಾಕುತ್ತದೆ; ಹಾಗಾಗಿ ಅದರ ಮೂತ್ರ ಒಣಗಿದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಪದರಪದರವಾಗಿ ಕಟ್ಟಿಕೊಳ್ಳುತ್ತದೆ. ಕೊಳವೆಬಾವಿಯ ಗಡಸು ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವ ಪೊರೆಯೂ ಇದೇ. ಇದು ಸೋಪಿಗೆ ಕರಗದು, ಆಮ್ಲಕ್ಕೆ ಕರಗುತ್ತದೆ. ಬಿಳಿ ವಿನೆಗರನ್ನೋ, ನೀರಿನಲ್ಲಿ ಕರಗಿಸಿದ ನಿಂಬೆ ಉಪ್ಪನ್ನೋ ಹಳೆಯ ಬಟ್ಟೆಯಲ್ಲಿ ನೆನೆಸಿ ಪೊರೆಯ ಮೇಲೆ ಹೊದಿಸಿದೆ. ಕಿವಿ ಹತ್ತಿರ ತಂದರೆ ಸಣ್ಣಗೆ ಸುರುಸುರು ಸದ್ದು. ಬಟ್ಟೆಯ ಅಂಚಿನಲ್ಲಿ ಸೋಡಾದಲ್ಲಿ ಏಳುವಂಥ ಗುಳ್ಳೆಗಳು. ಅರ್ಧ ಗಂಟೆಯ ನಂತರ ಬಟ್ಟೆ ಎತ್ತಿ ಹಳೆಯ ಚಮಚದಿಂದ ಕೆರೆದಾಗ ಪೊರೆ ಮೊಸರಿನಂತೆ ಎದ್ದು ಬಂತು, ಅದರ ಕೆಳಗಿದ್ದ ಮರ ಕಡುಕಂದಾಗಿತ್ತು. ಜೊತೆಗೆ ಅಷ್ಟು ಹೊತ್ತು ಇಲ್ಲದ ಮೂತ್ರದ ವಾಸನೆ ಒಮ್ಮೆಲೇ ಮೂಗಿಗೆ ಬಡಿಯಿತು. ಆ ಪೊರೆ ಒಂದು ಮುಚ್ಚಳವಾಗಿತ್ತು, ಅದರಡಿಯಲ್ಲಿ ಇದ್ದದ್ದನ್ನು ಯಾವ ಸೋಂಕುನಿವಾರಕವೂ ತಲುಪುತ್ತಿರಲಿಲ್ಲ. ಮೂಲೆಯನ್ನು ಮೂರು ಸಲ ಹೀಗೆ ಮಾಡಬೇಕಾಯಿತು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ವಿನೆಗರ್ ತಾಗಿದ ಮರವನ್ನು ಚೆನ್ನಾಗಿ ತೊಳೆದು ಒಣಗಿಸದೆ ಬ್ಲೀಚು ಹಾಕಬಾರದು. ಆಮ್ಲ ಮತ್ತು ಬ್ಲೀಚು ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ಶ್ವಾಸಕೋಶವನ್ನು ಸುಡುವ ವಿಷ. ಟಾಯ್ಲೆಟ್ ಕ್ಲೀನರುಗಳಲ್ಲಿ ಇರುವುದೂ ಸಾಮಾನ್ಯವಾಗಿ ಆಮ್ಲವೇ. ಮೂತ್ರದ ಅಮೋನಿಯ ಉಳಿದಿರುವ ಮರಕ್ಕೆ ಬ್ಲೀಚು ಬಿದ್ದರೂ ಕ್ಲೋರಮೀನ್ ಎಂಬ ಕಣ್ಣು, ಗಂಟಲು ಉರಿಸುವ ಅನಿಲ ಬರುತ್ತದೆ. ಆಮ್ಲದ ಕೆಲಸ ಒಂದು ದಿನ, ಬ್ಲೀಚಿನ ಕೆಲಸ ಇನ್ನೊಂದು ದಿನ, ಎರಡೂ ಬಯಲಿನಲ್ಲಿ ಎಂದು ಇಟ್ಟುಕೊಂಡರೆ ಅಪಾಯವಿಲ್ಲ.

ಸೋಂಕುನಿವಾರಕದ ಆಯ್ಕೆಗೆ ಬಂದರೆ, ಫಿನಾಯಿಲನ್ನು ಮೊದಲೇ ದೂರ ಇಡಬೇಕು. ಕಪ್ಪು ಫಿನಾಯಿಲು, ನೀರಿಗೆ ಹಾಕಿದೊಡನೆ ಹಾಲಿನಂತಾಗುವ ಗಾಯ ತೊಳೆಯುವ ಆಂಟಿಸೆಪ್ಟಿಕ್ ದ್ರವ, ಇವೆಲ್ಲ ಫೀನಾಲ್ ಕುಟುಂಬಕ್ಕೆ ಸೇರಿದವು. ಮೊಸಾಯಿಕ್ ನೆಲದಿಂದ ಅವು ಒರೆಸಿದರೆ ಹೋಗುತ್ತವೆ. ಮರದೊಳಗೆ ಇಳಿದರೆ ವಾರಗಟ್ಟಲೆ ಆವಿಯಾಗುತ್ತಿರುತ್ತವೆ, ಮುಚ್ಚಿದ ಗೂಡಿನಲ್ಲಿ ನೆಲಕ್ಕೆ ಮೂಗು ತಾಗಿಸಿ ಮಲಗುವ ಪ್ರಾಣಿ ಅದನ್ನೇ ಉಸಿರಾಡುತ್ತದೆ, ಕಡಿದಾಗ ನುಂಗುತ್ತದೆ. ವಾಸನೆ ಜೋರಾಗಿದ್ದರೆ ಶುದ್ಧಿಯೂ ಜೋರಾಗಿದೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಗೂಡಿನ ವಿಷಯದಲ್ಲಿ ಅದು ತಲೆಕೆಳಗು.

ಬಳಸಲು ತಕ್ಕವು ಮುಖ್ಯವಾಗಿ ಎರಡು. ಒಂದು, ದ್ರವ ಬ್ಲೀಚು. ಶೇ. 5ರಷ್ಟು ಸೋಡಿಯಂ ಹೈಪೊಕ್ಲೋರೈಟ್ ಇರುವ ಬ್ಲೀಚಿನ ಒಂದು ಪಾಲಿಗೆ ಒಂಬತ್ತು ಪಾಲು ತಣ್ಣೀರು ಬೆರೆಸಿದರೆ ಶೇ. 0.5ರ ದ್ರಾವಣವಾಗುತ್ತದೆ. ಬ್ಲೀಚಿಂಗ್ ಪೌಡರ್ ಮಾತ್ರ ಸಿಗುವ ಊರಿನಲ್ಲಿ, ಹೊಸದಾಗಿ ಒಡೆದ ಪೊಟ್ಟಣದ 15ರಿಂದ 20 ಗ್ರಾಂ ಪುಡಿಯನ್ನು ಲೀಟರ್ ನೀರಿಗೆ ಕದಡಿ, ತಳದಲ್ಲಿ ಸುಣ್ಣ ಕೂತ ಮೇಲೆ ತಿಳಿಯನ್ನು ಬಳಸಬಹುದು. ಬಾಯಿ ತೆರೆದಿಟ್ಟ ಹಳೆಯ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ಮುಖ್ಯವಾದದ್ದು ಸಮಯ. ಹಲಗೆಯ ಮೈ ಹತ್ತು ನಿಮಿಷ ಎಡೆಬಿಡದೆ ಒದ್ದೆಯಾಗಿರಬೇಕು, ಮತ್ತು ಮರ ಹೀರಿಕೊಳ್ಳುವುದರಿಂದ ನಡುನಡುವೆ ಮತ್ತೆ ಹಚ್ಚುತ್ತಿರಬೇಕು. ಬಳಿದು ಎರಡು ನಿಮಿಷದಲ್ಲಿ ಒರೆಸಿದರೆ ಬಣ್ಣ ಬಿಳಿಚುತ್ತದೆಯೇ ಹೊರತು ರೋಗಾಣು ಸಾಯುವುದಿಲ್ಲ. ಮರದ ಎಳೆ ತಾನೇ ಒಂದು ಸಾವಯವ ವಸ್ತು ಆಗಿರುವುದರಿಂದ ಕ್ಲೋರಿನ್ ಆಳಕ್ಕೆ ಇಳಿಯುವ ಮೊದಲೇ ಮರದ ಮೇಲೆಯೇ ಖರ್ಚಾಗುತ್ತದೆ ಎಂಬುದು ಇದರ ಮಿತಿ. ಎರಡನೆಯದು, ಕೋಳಿ ಫಾರ್ಮುಗಳಿಗೆಂದು ಪಶು ಔಷಧಿ ಅಂಗಡಿಗಳಲ್ಲಿ ಸಿಗುವ ಪೊಟ್ಯಾಸಿಯಂ ಪೆರಾಕ್ಸಿಮೊನೊಸಲ್ಫೇಟ್ ಪುಡಿ. ಲೀಟರಿಗೆ 10 ಗ್ರಾಂ ಹಾಕಿದರೆ ನಸುಗೆಂಪು ದ್ರಾವಣವಾಗುತ್ತದೆ, ಕೊಳೆಯ ಎದುರು ಬ್ಲೀಚಿಗಿಂತ ಹೆಚ್ಚು ಹೊತ್ತು ತಾಳಿಕೊಳ್ಳುತ್ತದೆ, ಪೊರೆಯಿಲ್ಲದ ವೈರಸ್ಸುಗಳನ್ನೂ ಕೊಲ್ಲುತ್ತದೆ. ಸಿಗುವುದಾದರೆ ನಾನು ಇದನ್ನೇ ಆರಿಸುತ್ತೇನೆ. ಯಾವುದನ್ನು ಬಳಸಿದರೂ ಅವಧಿ ಮುಗಿದ ಮೇಲೆ ಎರಡು ಸಲ ಶುದ್ಧ ನೀರಿನಿಂದ ಒರೆಸಿ ತೆಗೆಯಬೇಕು.

ಆದರೆ ಐಮೇರಿಯದ ಊಸಿಸ್ಟುಗಳಿಗೆ, ಎಂದರೆ ಹಿಕ್ಕೆಯಲ್ಲಿ ಹೊರಬೀಳುವ ಮೊಟ್ಟೆಯಂಥ ಕೋಶಗಳಿಗೆ, ಈ ಎರಡೂ ಸಾಲವು. ಅವುಗಳ ಗೋಡೆ ಬ್ಲೀಚನ್ನು ತಡೆಯುವಷ್ಟು ಗಟ್ಟಿ. ಅವು ಹೆದರುವುದು ಶಾಖಕ್ಕೆ ಮತ್ತು ಒಣಗುವಿಕೆಗೆ. ಕುದಿಯುವ ನೀರನ್ನು ಸಂದುಗಳಿಗೂ ಹಲಗೆಯ ತುದಿಗಳಿಗೂ ಕೆಟಲಿನಿಂದ ಸುರಿಯಬೇಕು. ಬಟ್ಟೆಗೆ ಹಬೆ ಹಾಯಿಸುವ ಸ್ಟೀಮರ್ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು, ಒಂದೊಂದು ಜಾಗದಲ್ಲಿ ನಿಧಾನವಾಗಿ ಹಿಡಿಯಬೇಕು. ಪ್ರೆಷರ್ ಕುಕ್ಕರಿಗೆ ಪೈಪು ಜೋಡಿಸಿ ಹಬೆ ಬಿಡುವ ಸಾಹಸ ಖಂಡಿತ ಬೇಡ. ಮೊಲ ಸಾಕಣೆಯ ಫಾರ್ಮುಗಳಲ್ಲಿ ತಂತಿಯ ಪಂಜರಕ್ಕೆ ಬ್ಲೋ ಲ್ಯಾಂಪಿನ ಉರಿ ಹಾಯಿಸಿ, ಅಂಟಿದ ಕೂದಲನ್ನೂ ರೋಗಾಣುವನ್ನೂ ಒಟ್ಟಿಗೆ ಸುಡುತ್ತಾರೆ; ಗೂಡಿನಿಂದ ಬಿಚ್ಚಿದ ಜಾಲರಿಗೆ ಅದು ಸರಿ, ಮರಕ್ಕಲ್ಲ. ಜಾಲರಿಯ ಸತುವಿನ ಲೇಪ ಎದ್ದು ತುಕ್ಕು ಹಿಡಿದಿದ್ದರೆ ಹೊಸ ಜಾಲರಿಯನ್ನೇ ಹಾಕಬೇಕು.

ಬೇವಿನ ಹೊಗೆ, ಸಾಂಬ್ರಾಣಿ, ಅರಿಸಿನದ ನೀರು ಇವುಗಳ ಮೇಲೆ ಹಿರಿಯರಿಗೆ ಇರುವ ವಿಶ್ವಾಸವನ್ನು ನಾನು ಗೌರವಿಸುತ್ತೇನೆ, ಆದರೆ ಮರ ಕುಡಿದ ರೋಗಾಣುವನ್ನು ಅವು ತಲುಪುವುದಿಲ್ಲ. ಹೊಗೆಯ ವಾಸನೆ ಪ್ರಾಣಿಯ ಉಸಿರಿಗೂ ಒಳ್ಳೆಯದಲ್ಲ. ಕೊಟ್ಟಿಗೆಗೆ ಸುಣ್ಣ ಬಳಿಯುವ ಪದ್ಧತಿಯಲ್ಲಿ ಮಾತ್ರ ನಿಜವಾದ ರಸಾಯನವಿದೆ. ಆಗ ತಾನೇ ಅರಳಿಸಿದ ಸುಣ್ಣ ತೀವ್ರ ಕ್ಷಾರ, ಹಸಿಯಾಗಿರುವಷ್ಟು ಹೊತ್ತು ಅದು ಕೊಲ್ಲುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಗಟ್ಟಿಯಾದ ಮೇಲೆ ಬರೀ ಬಿಳಿ ಲೇಪ. ಗೂಡು ನಿಲ್ಲಿಸುವ ಗೋಡೆಗೆ ಬಳಿಯಲಿ, ಪ್ರಾಣಿ ಕಡಿಯುವ ಒಳಮೈಗೆ ಬೇಡ.

ಇಷ್ಟಾದ ಮೇಲೆ ಉಳಿಯುವುದು ಒಣಗಿಸುವಿಕೆ, ಮತ್ತು ನನ್ನ ದೃಷ್ಟಿಯಲ್ಲಿ ಇದೇ ಅತ್ಯಂತ ಶಕ್ತಿಯುತವಾದ ಸೋಂಕುನಿವಾರಕ. ಅಮೆರಿಕದ ಡೀನ್ ಕ್ಲೈವರ್ ಮತ್ತು ಸಂಗಡಿಗರು ಅಡುಗೆಮನೆಯ ಹೆಚ್ಚುವ ಮಣೆಗಳ ಬಗ್ಗೆ 1994ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದಕ್ಕೆ ಒಂದು ಸುಳಿವಿದೆ. ಮರದ ಮಣೆಯ ಮೇಲೆ ಬ್ಯಾಕ್ಟೀರಿಯ ಸವರಿದಾಗ ಅವು ಮೇಲ್ಮೈಯಿಂದ ಒಳಕ್ಕೆ ಎಳೆಯಲ್ಪಟ್ಟವು, ಅಲ್ಲಿ ವೃದ್ಧಿಯಾಗದೆ ಕ್ರಮೇಣ ಸತ್ತವು. ಅಂದರೆ ಮರ ಕುಡಿಯುತ್ತದೆ ಎಂಬ ದೋಷವೇ, ಮರ ಒಣಗಿದಾಗ ಗುಣವಾಗಿ ತಿರುಗುತ್ತದೆ. ಮೊಲದ ಮೂತ್ರದಲ್ಲಿ ಬರುವ ಎನ್ಸೆಫಾಲಿಟೊಜೂನ್ ಎಂಬ ಸೂಕ್ಷ್ಮ ಪರಾವಲಂಬಿಯ ಬೀಜಾಣು ಹೊರಗೆ ಕೆಲವು ವಾರ ಬಾಳಬಲ್ಲದು, ಕಿವಿಕಜ್ಜಿಯ ನುಸಿ ಮೊಲವಿಲ್ಲದೆ ಸುಮಾರು ಮೂರು ವಾರ. ಹೀಗಾಗಿ ತೊಳೆದ ಗೂಡನ್ನು ಒಂದೂವರೆ, ಎರಡು ತಿಂಗಳು ಖಾಲಿ ಬಿಡುವಷ್ಟು ತಾಳ್ಮೆ ಇದ್ದರೆ ಕಾಲವೇ ನಮ್ಮ ಪರ ದುಡಿಯುತ್ತದೆ.

ಇದಕ್ಕೆ ತಕ್ಕ ಋತು ನಮ್ಮಲ್ಲಿ ಮಾರ್ಚಿನಿಂದ ಮೇ. ಬಿಚ್ಚಿದ ಹಲಗೆಗಳನ್ನು ನೆಲದಿಂದ ಎತ್ತರದಲ್ಲಿ, ಒಂದಕ್ಕೊಂದು ತಾಗದಂತೆ ನಿಲ್ಲಿಸಿ, ದಿನಕ್ಕೊಮ್ಮೆ ಮಗುಚಿಹಾಕಬೇಕು. ಪೂರ್ತಿ ಒಣಗಿದ ಮೇಲೆ ಅವನ್ನು ಕಪ್ಪು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ನಡುಹಗಲ ಬಿಸಿಲಿಗೆ ಕೆಲವು ದಿನ ಇಟ್ಟರೆ ಒಳಗಿನ ಕಾವು ನುಸಿ, ತಿಗಣೆಗಳಿಗೆ ಸಹಿಸಲಾಗದಷ್ಟು ಏರುತ್ತದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಜೂನ್ ಬಂದ ಮೇಲೆ ಈ ಕೆಲಸಕ್ಕೆ ಕೈಹಾಕಬಾರದು. ಆ ತೇವದಲ್ಲಿ ಮರ ಒಣಗುವ ಬದಲು ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲೇ ಗೂಡು ಸಿಕ್ಕಿದರೆ ಜಗಲಿಯ ಮೂಲೆಯಲ್ಲಿ ಬಿಚ್ಚಿಟ್ಟು, ಪ್ರಾಣಿಗೆ ಅಲ್ಲಿಯವರೆಗೆ ತಂತಿಯ ಪಂಜರದಲ್ಲಿ ಇರಲು ವ್ಯವಸ್ಥೆ ಮಾಡಬೇಕು.

ಒಣಗಿತೇ ಎಂದು ತಿಳಿಯಲು ಅಂಗೈಯಷ್ಟು ಪ್ಲಾಸ್ಟಿಕ್ ಚೂರನ್ನು ನೆಲದ ಹಲಗೆಗೆ ನಾಲ್ಕೂ ಬದಿ ಟೇಪಿನಿಂದ ಅಂಟಿಸಿ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಅದರ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಅಥವಾ ಕೆಳಗಿನ ಮರ ಕಪ್ಪಾಗಿದ್ದರೆ ಇನ್ನೂ ತೇವವಿದೆ. ಮೂತ್ರ ಹೋಯಿತೇ ಎಂಬುದಕ್ಕೆ ಬಿಸಿನೀರನ್ನು ಸ್ವಲ್ಪ ಸಿಂಪಡಿಸಿ ಮೂಗು ಹತ್ತಿರ ತರಬೇಕು. ಒಣಮರದಲ್ಲಿ ಅಡಗುವ ವಾಸನೆ ಶೆಕೆಗೆ ಎದ್ದುಬರುತ್ತದೆ. ಅಮೋನಿಯದ ಘಾಟು ನಮಗೆ ಕೇವಲ ಅಸಹ್ಯ, ಮೊಲದ ಶ್ವಾಸನಾಳಕ್ಕೆ ಅದು ಗಾಯ. ಆ ಗಾಯದ ದಾರಿಯಲ್ಲೇ ಪಾಶ್ಚುರೆಲ್ಲದಂಥ ಬ್ಯಾಕ್ಟೀರಿಯ ಒಳಸೇರುತ್ತದೆ. ನಮ್ಮ ಗೂಡಿನಲ್ಲಿ ಇಷ್ಟೆಲ್ಲ ಮಾಡಿದ ಮೇಲೂ ಆ ಒಂದು ಮೂಲೆ ಘಾಟು ಬಿಡಲಿಲ್ಲ. ಬಡಗಿಯವರಿಂದ ಒಂದೂವರೆ ಅಡಿ ಹಲಗೆಯನ್ನು ಕತ್ತರಿಸಿ ತೆಗೆಸಿ ಹೊಸ ತುಂಡು ಕೂರಿಸಿದೆವು. ತೊಳೆಯುವುದರಲ್ಲಿ ಕಳೆದ ಮೂರು ದಿನಕ್ಕಿಂತ ಆ ಅರ್ಧ ಗಂಟೆಯ ಕೆಲಸವೇ ಹೆಚ್ಚು ಫಲ ಕೊಟ್ಟಿತು.

ಮತ್ತೆ ಜೋಡಿಸುವ ಮುನ್ನ ಹಲಗೆಯ ತುದಿಗಳಿಗೆ ಹಸಿ ಅಗಸೆ ಎಣ್ಣೆಯನ್ನು ತೆಳುವಾಗಿ ಎರಡು ಸಲ ಕುಡಿಸಿ ಒಣಗಿಸಿದರೆ ಕೊಳವೆಗಳ ಬಾಯಿ ಮುಚ್ಚಿಕೊಳ್ಳುತ್ತದೆ. ಬೇಗ ಒಣಗಲೆಂದು ಲೋಹದ ಲವಣ ಬೆರೆಸಿದ ‘ಕಾಯಿಸಿದ’ ಎಣ್ಣೆ ಬೇಡ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ತಾನಾಗಿ ಹೊತ್ತಿಕೊಳ್ಳಬಹುದು, ಬಿಡಿಸಿ ಹರಡಿ ಒಣಗಿಸಬೇಕು. ಮೂತ್ರದ ಮೂಲೆಗೆ ಮನೆ ಕಟ್ಟಿದಾಗ ಉಳಿದ ಒಂದು ಟೈಲ್ಸ್ ಹಾಸಿದರೆ ಮುಂದೆ ಮರ ಕುಡಿಯುವ ಪ್ರಮೇಯವೇ ಬರುವುದಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ ಮೊಲ ಅದರ ತಂಪಿಗೆ ಹೊಟ್ಟೆಯೂರಿ ಮಲಗುತ್ತದೆ. ಹೊಸ ಪ್ರಾಣಿ ಬಂದ ಮೊದಲ ಎರಡು ಮೂರು ವಾರ ಹಿಕ್ಕೆ ಗುಂಡಗೆ, ಒಣಗಿ ಇದೆಯೇ ಎಂದು ದಿನವೂ ನೋಡಬೇಕು, ಆ ಅವಧಿಯ ಕೊನೆಗೆ ಹಿಕ್ಕೆಯ ಮಾದರಿಯನ್ನು ಪಶುವೈದ್ಯರಲ್ಲಿಗೆ ಒಯ್ದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷೆ ಮಾಡಿಸಬೇಕು. ಟೈಲ್ಸನ್ನು ಪ್ರತಿದಿನ ಎತ್ತಿ ತೊಳೆದು ಒಣಗಿಸಿ ಹಾಕುವುದು ಒಳ್ಳೆಯದು, ಏಕೆಂದರೆ ಹಿಕ್ಕೆಯಲ್ಲಿ ಬಿದ್ದ ಊಸಿಸ್ಟು ಸೋಂಕು ಹರಡುವಷ್ಟು ಬಲಿಯಲು ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಹಿಡಿಯುತ್ತದೆ.